ಕಾಲಿಲ್ಲದ ನೀಲಿ ಕುರಿ

ನಾನು ಓದಿದ್ದು ಐದನೇ ತರಗತಿವರೆಗೆ. ಹಿರಿಯೂರಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಲಾರಿಗಳ ಹಿಂದಿನ ಹಲಗೆಗೆ ಹದ್ದು, ಕಮಲ, ಹಸು-ಕರು ಬರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ತಂಗಿ ಹೊಸದುರ್ಗದಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದಳು.

ರದ್ದಿ ಅಂಗಡಿಯಲ್ಲಿ ಹಳೆಯ ವಾರಪತ್ರಿಕೆ ಹುಡುಕುವುದು ಅವಳ ಚಾಳಿ. ಈಗಿನ ಕಾಲದ, ಬದುಕಿರುವ ಕಲಾವಿದರ ಚಿತ್ರ ಕಂಡರೆ ಕತ್ತರಿಸಿ ಡ್ರಾಯಿಂಗ್ ಪುಸ್ತಕಕ್ಕೆ ಅಂಟಿಸುತ್ತಿದ್ದಳು. ಹೆಸರು ಅಚ್ಚಾದ ಅಂಚನ್ನು ಮಾತ್ರ ಎಂದೂ ಕತ್ತರಿಸುತ್ತಿರಲಿಲ್ಲ. ರಜಕ್ಕೆ ಬಂದಾಗ ಆ ಪುಸ್ತಕ ನಮ್ಮ ಬೀದಿಯ ಮನೆಮನೆಗೂ ಹೋಗಿ ಬರುತ್ತಿತ್ತು. ಹೂ ಕಟ್ಟುವ ಹೆಂಗಸರೂ ಕೈ ಒರೆಸಿಕೊಂಡು ನೋಡುತ್ತಿದ್ದರು.

ಒಂದು ದಿನ ಶೆಡ್ಡಿಗೇ ತಂದಳು. "ಅಣ್ಣಾ, ಈ ನೀಲಿ ಕುರಿ ನೋಡು. ಕಾಲೇ ಇಲ್ಲ, ಆದ್ರೂ ನಡೀತೈತೆ. ಯಾರೋ ಒಬ್ಬ ಆಯಮ್ಮ ಬರ್ದಿರೋದು."

"ಕಾಲು ಬರ್ಯಾಕೆ ಬಣ್ಣ ಸಾಲ್ದೆ ಹೋಗಿರ್ಬೇಕು ಬಿಡಲೇ," ಅಂದೆ. ನಕ್ಕಳು.

ತರಬೇತಿ ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಚಿತ್ರಗಳನ್ನು ಗೋಡೆಗೆ ತೂಗುಹಾಕಲು ಅವಳಿಗೆ ಒಪ್ಪಿಗೆ ಸಿಕ್ಕಿತ್ತು. ಒಂದೊಂದನ್ನೂ ಹಾಳೆಯಿಂದ ಬಿಡಿಸಿ ರಟ್ಟಿಗೆ ಅಂಟಿಸಿಕೊಡು ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟುಹೋದಳು.

ಅದೇ ವಾರ ಧರ್ಮಪುರದ ಕಡೆಯಿಂದ ಕುರಿ ಸಾಗಿಸುವ ಲಾರಿ ಬಂತು. ಮಾಲೀಕರಿಗೆ ಹಲಗೆಯ ಮೇಲೆ ಕುರಿಯೇ ಬೇಕಿತ್ತು. ನಮ್ಮ ಕಸುಬಿನಲ್ಲಿ ಸಣ್ಣ ಚಿತ್ರವನ್ನು ದೊಡ್ಡದು ಮಾಡಬೇಕಾದರೆ ಅದರ ಮೇಲೆ ಪೆನ್ಸಿಲಿನಿಂದ ಚೌಕ ಎಳೆದು, ಹಲಗೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದನ್ನೇ ತುಂಬುತ್ತೇವೆ. ತಂಗಿಯ ಪುಸ್ತಕದ ಕುರಿಯನ್ನೇ ಆರಿಸಿಕೊಂಡೆ; ಚೌಕಗಳು ಸರಿಹೋಗಲೆಂದು ಅದರ ಅಂಚನ್ನು ಬ್ಲೇಡಿನಿಂದ ತೆಗೆದೆ. ಹೆಸರಿದ್ದ ಅಂಚು ಕಸದೊಂದಿಗೆ ಹೋಯಿತು. ಹಲಗೆಯ ಮೂಲೆಯಲ್ಲಿ ಬರೆದವರ ಹೆಸರು, ಊರು ಹಾಕುವುದು ರೂಢಿ. ನನ್ನದನ್ನು ಹಾಕಿದೆ.

"ಏನಪ್ಪ, ಕಾಲು ಮೊದ್ಲೇ ಕೊಯ್ದು ಸಾರಿಗೆ ಹಾಕ್ಕೊಂಡ್ಯಾ?" ಎಂದರು ಮಾಲೀಕರು. ಆಮೇಲೆ ದೂರ ನಿಂತು ಬಹಳ ಹೊತ್ತು ನೋಡಿದರು. "ಎಲ್ಲಿ ನೋಡಿ ಬರ್ದೆ?"

"ನಂದೇ ರೀ."

ಮಾತು ಹರಡಿತು. ಬೇರೆ ಪೇಂಟರುಗಳು ನೋಡಲು ಬಂದರು. ಚೌಕ ಎಳೆದ ಹಾಳೆ ತಂಗಿಯ ಕೈಗೆ ಹೋದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಅದೊಂದನ್ನೇ ತೆಗೆದಿಟ್ಟರೆ ಮೊದಲು ಅದನ್ನೇ ಕೇಳುವವಳು ಅವಳು. ಹಾಗಾಗಿ ಪುಸ್ತಕವೇ ಕಳೆದುಹೋಯಿತು ಎಂದೆ. ಅದು ಟರ್ಪೆಂಟೈನ್ ಡಬ್ಬಗಳ ಹಿಂದಿತ್ತು. ಅವಳು ಎರಡು ದಿನ ಹುಡುಕಿದಳು. ಆ ವಾಸನೆಗೆ ತಲೆನೋವು ಬರುತ್ತಿದ್ದುದರಿಂದ ಡಬ್ಬಗಳ ಹತ್ತಿರ ಹೋಗಲಿಲ್ಲ. ವಾರ್ಷಿಕೋತ್ಸವದ ದಿನ ಗೋಡೆ ಖಾಲಿಯಿತ್ತಂತೆ. ಆಮೇಲೆ ಅವಳು ರದ್ದಿ ಅಂಗಡಿಯ ಕಡೆ ಹೋಗಲಿಲ್ಲ.

ಏಳೆಂಟು ವರ್ಷಗಳಾದವು. ಅವಳು ಹೊಳಲ್ಕೆರೆಯಲ್ಲಿ ಟೀಚರಾಗಿದ್ದಳು. ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರು ಇಬ್ಬರೂ ನಿಂತಿದ್ದಾಗ ಆ ಲಾರಿ ನಮ್ಮ ಮುಂದೆಯೇ ನಿಂತಿತು. ಬಣ್ಣ ಮಾಸಿತ್ತು. ಅವಳು ಕುರಿಯನ್ನು ನೋಡಿದಳು, ಮೂಲೆಯ ಹೆಸರನ್ನೂ ಓದಿದಳು.

"ಪುಸ್ತಕ ಐತಾ?"

"ಐತೆ."

ಮುಂದಿನ ಭಾನುವಾರ ಕೊಟ್ಟೆ. ಕುರಿಯ ಮೇಲಿನ ಚೌಕಗಳನ್ನು ಬೆರಳಿನಿಂದ ಸವರಿದಳು. "ಆಯಮ್ಮನ ಹೆಸ್ರು ಏನಿತ್ತಣ್ಣ?"

ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಓದಿಯೇ ಇರಲಿಲ್ಲ. ಅವಳಿಗೂ ನೆನಪಾಗಲಿಲ್ಲ.

ಈಗ ಅವಳ ಶಾಲೆಯ ಗೋಡೆಯ ಮೇಲೆ ಆ ಚಿತ್ರಗಳಿವೆ. ರಟ್ಟಿಗೆ ಅಂಟಿಸಿಕೊಟ್ಟವನು ನಾನೇ. ಎಲ್ಲದರ ಕೆಳಗೂ ಹೆಸರಿದೆ, ಕುರಿಯ ಕೆಳಗೆ ಬಿಳಿ ಪಟ್ಟಿ ಮಾತ್ರ. ಯಾರು ಬರೆದದ್ದು ಎಂದು ಮಕ್ಕಳು ಕೇಳಿದಾಗಲೆಲ್ಲ ಅವಳು, "ನಮ್ಮಣ್ಣ ಬಂದಾಗ ಕೇಳ್ರಿ," ಎನ್ನುತ್ತಾಳೆ. ಅವರು ಕೇಳುತ್ತಾರೆ.