ಎಡಗೈ ತೋರುಬೆರಳು

ನಮ್ಮ ಶಾಲೆಯ ಹಾಜರಿ ಯಂತ್ರಕ್ಕೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅದನ್ನು ತಂದು ಗೋಡೆಗೆ ಕೂರಿಸಿದ ದಿನ ಎಲ್ಲ ಮೇಷ್ಟ್ರುಗಳೂ ಸಾಲಾಗಿ ನಿಂತು ಬೆರಳು ಕೊಟ್ಟರು. ನನ್ನ ಸರದಿ ಬಂದಾಗ ಬಲಗೈಯಲ್ಲಿ ಪಿಟೀಲಿನ ಪೆಟ್ಟಿಗೆ ಇತ್ತು. ನೆಲ ಒದ್ದೆಯಾಗಿತ್ತು, ಕೆಳಗಿಡುವ ಹಾಗಿರಲಿಲ್ಲ. ಇನ್ನೊಬ್ಬರ ಕೈಗೆ ಪೆಟ್ಟಿಗೆ ಕೊಡುವ ಅಭ್ಯಾಸ ನನಗಿಲ್ಲ. ಹಾಗಾಗಿ ಎಡಗೈ ತೋರುಬೆರಳನ್ನು ಒತ್ತಿದೆ. ಪಿಟೀಲು ನುಡಿಸುವವರು ಮಾತ್ರ ಮಾಡಬಹುದಾದ ದಡ್ಡತನ ಅದು. ಮೂವತ್ತು ವರ್ಷ ತಂತಿಯ ಮೇಲೆ ಜಾರಿ ಜಾರಿ ಆ ಬೆರಳಿನ ತುದಿ ಜಡ್ಡುಗಟ್ಟಿತ್ತು, ಗೆರೆಗಳು ಸವೆದಿದ್ದವು, ನಡುವೆ ತಂತಿಯದೇ ಒಂದು ಗೀರು ಬಿದ್ದಿತ್ತು. ಯಂತ್ರ ತಂದವನು ಹೇಗೋ ಹತ್ತು ಸಲ ಒತ್ತಿಸಿ ದಾಖಲು ಮಾಡಿಕೊಂಡು ಹೋದ. ಮಾರನೆಯ ದಿನದಿಂದ ಶುರುವಾಯಿತು: "ಪ್ಲೀಸ್ ಟ್ರೈ ಅಗೇನ್."

ಬೆರಳು ಬದಲಿಸಬೇಕಾದರೆ ಅರ್ಜಿ, ಅದಕ್ಕೊಂದು ಸಹಿ, ಮೇಲಿನವರ ಒಪ್ಪಿಗೆ. ಯಾರಿಗೆ ಬೇಕು ಆ ರಗಳೆ? ಮೂರು ಸಲ ಒತ್ತುವುದು, ಬೈಸಿಕೊಳ್ಳುವುದು, ಆಮೇಲೆ ಹೆಡ್ಮಾಸ್ಟರ ಕೋಣೆಗೆ ಹೋಗಿ ಪುಸ್ತಕದಲ್ಲಿ ಸಹಿ ಮಾಡುವುದು. ವರ್ಷಗಟ್ಟಲೆ ಹೀಗೇ ನಡೆಯಿತು. "ಎಂತ ಟೀಚ್ರೆ, ಇವತ್ತಾದ್ರೂ ಬೆರಳು ತಂದಿದೀರಾ?" ಎಂದು ಗುಮಾಸ್ತರು ದಿನಾ ಕಾಲೆಳೆಯುತ್ತಿದ್ದರು. ನಾನು ಸಿಡುಕುತ್ತಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೆ ನನಗೆ ಭಾರೀ ಜಂಬವಿತ್ತು. ಮಕ್ಕಳಿಗೆ ಪ್ರಾರ್ಥನೆ ಗೀತೆ ಕಲಿಸುವ ಸಂಬಳದ ಟೀಚರು ನಾನು. ಆದರೂ ಪಿಟೀಲಿನವಳು ಅನ್ನುವುದನ್ನು ಆ ಯಂತ್ರ ದಿನಾ ಬೆಳಿಗ್ಗೆ ಎಲ್ಲರ ಎದುರು ಸಾರಿ ಹೇಳುತ್ತಿತ್ತು.

ಶನಿವಾರ, ಭಾನುವಾರದ ಸಂಜೆ ಕಳಸದ ದಾರಿಯ ಒಂದು ರೆಸಾರ್ಟಿನಲ್ಲಿ ನುಡಿಸುತ್ತಿದ್ದೆವು, ನಾನು ಮತ್ತು ಭಾಯಿ. ಭಾಯಿ ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುವವರು. ವಾರವಿಡೀ ಕೈಗೆ ಗ್ರೀಸು, ಶನಿವಾರ ಮಧ್ಯಾಹ್ನ ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು ತಬಲ ಮುಟ್ಟುತ್ತಿದ್ದರು. ಹದಿನೈದು ವರ್ಷದ ಜೊತೆ. ನನ್ನ ಕಮಾನು ಯಾವಾಗ ತಿರುಗುತ್ತದೆ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಎರಡು ವರ್ಷದ ಹಿಂದೆ, ಜೂನಿನಲ್ಲಿ, ಇಬ್ಬರ ವಾದ್ಯಗಳೂ ಒಟ್ಟಿಗೆ ಕೈಕೊಟ್ಟವು. ಗ್ಯಾರೇಜಿನಲ್ಲಿ ಜಾಕ್ ಜಾರಿ ಭಾಯಿಯ ಎಡ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ತಬಲದ ಎಡಭಾಗ, ಡಗ್ಗಾದ ಮೇಲೆ ಅಂಗೈ ಬುಡ ಊರಿ ಒತ್ತುವುದಿದೆಯಲ್ಲ, ಅದು ಮತ್ತೆ ಬರಲಿಲ್ಲ. ಅದೇ ತಿಂಗಳು ನನ್ನ ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ತೇವಕ್ಕೆ ಉಬ್ಬಿ ತಿರುಗದಾದವು, ಒಂದು ಸಂಜೆ ನುಡಿಸುತ್ತಿರುವಾಗಲೇ ಅದರ ಹೊಟ್ಟೆಯ ಹಲಗೆಯ ಅಂಟು ಟಪ್ಪೆಂದು ಬಿಟ್ಟಿತು. ಮೈಸೂರಿನ ರಿಪೇರಿಯವರು ನೋಡಿ, "ಮಳೆ ನಿಲ್ಲೋವರ್ಗೂ ನಾನಿದನ್ನ ಮುಟ್ಟಲ್ಲ ಮೇಡಂ. ಮರ ಒಣಗದೆ ಅಂಟು ಹಾಕಿದ್ರೆ ಮತ್ತೆ ಬಿಡುತ್ತೆ. ಇಲ್ಲೇ ಬಿಟ್ಟೋಗಿ" ಎಂದರು. ಬಿಟ್ಟು ಬಂದೆ. ಬಸ್ಸಿನಲ್ಲಿ ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಭಾಯಿಯ ಹೆಂಡತಿ ಒಂದು ದಿನ ಶಾಲೆಯ ಹತ್ತಿರವೇ ಬಂದರು. "ಇವ್ರು ಮನೇಲಿ ಮಾತೇ ಆಡ್ತಿಲ್ಲ ಟೀಚ್ರೆ. ತಬಲದ ಮೇಲೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಹಾಕಿದಾರೆ. ಗ್ಯಾರೇಜಿಗೆ ಹೋಗ್ತಾರೆ, ಬರ್ತಾರೆ, ಅಷ್ಟೇ" ಎಂದರು. ಆ ವಾರವೇ ರೆಸಾರ್ಟಿನ ಯಜಮಾನರು ಎರಡು ಪೆಟ್ಟಿಗೆ ತರಿಸಿದ್ದರು. ಭಾಯಿಗೆ ಬೆರಳಿನಲ್ಲಿ ತಟ್ಟಿದರೆ ಸಾಕೆನ್ನುವ ರಿದಮ್ ಪ್ಯಾಡ್. ನನಗೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಕೀಬೋರ್ಡಿನಂಥ ಒಂದು ಕಂಟ್ರೋಲರ್. "ಮಳೆಗಾಲಕ್ಕೆ ಮಾತ್ರ" ಎಂದರು ಯಜಮಾನರು. "ಮಳೆಗಾಲಕ್ಕೆ ಮಾತ್ರ" ಎಂದೆ ನಾನೂ.

ವೈರು ಸಿಕ್ಕಿಸದೆ ನನ್ನದನ್ನು ಒತ್ತಿ ನೋಡಿದೆ. ಉಸಿರೇ ಇಲ್ಲ.

"ಅದಕ್ಕೆ ಸ್ವಂತ ಸ್ವರ ಇಲ್ಲ ಟೀಚ್ರೆ. ಇದು ಸ್ಟೇರಿಂಗ್ ಅಷ್ಟೆ, ಇಂಜಿನ್ ಇರೋದು ಲ್ಯಾಪ್‌ಟಾಪಲ್ಲಿ" ಎಂದರು ಭಾಯಿ. ಪ್ಯಾಡಿನ ಮೇಲೆ ಬೆರಳಾಡಿಸಿ ನಗುತ್ತಿದ್ದರು. ಎಷ್ಟೋ ದಿನದ ಮೇಲೆ ನಗುತ್ತಿದ್ದರು.

ಜೀಪಿನಲ್ಲಿ ಹೋಗುತ್ತ ಬರುತ್ತ ನಮ್ಮದು ಇದೇ ಜಗಳ. ಅವರು ಹೊಗಳುವುದು, ನಾನು ಮೂಗು ಮುರಿಯುವುದು. "ಚರ್ಮ ಸಡ್ಲ ಆಗೂದಿಲ್ಲ, ಒಲೆ ಮುಂದೆ ಕಾಯಿಸೂದು ಬೇಡ, ಶ್ರುತಿ ಮಾಡೂದು ಬೇಡ. ಇನ್ನೆಂತ ಬೇಕು ಮಾರಾಯ್ರೆ?" ಎನ್ನುತ್ತಿದ್ದರು. ನನಗೆ ಬೇಕಿದ್ದುದನ್ನು ಹೇಳುವುದು ಕಷ್ಟ. ಹಾರ್ಮೋನಿಯಂ ಕಾಲದಿಂದ ನಾವು ಕೀಲಿಯನ್ನು ಮನೆ ಎಂದು ಕರೆದು ಶ್ರುತಿಯನ್ನು ಅದರ ಲೆಕ್ಕದಲ್ಲಿ ಹೇಳುತ್ತೇವೆ: ಒಂದು ಮನೆ, ಒಂದೂವರೆ ಮನೆ, ಎರಡು ಮನೆ. ಈ ಪೆಟ್ಟಿಗೆಯಲ್ಲಿ ಮನೆಗಳೇನೋ ಸಾಲಾಗಿ ಇವೆ, ಒಂದರಿಂದ ಇನ್ನೊಂದಕ್ಕೆ ದಾರಿ ಮಾತ್ರ ಇಲ್ಲ. ಪಿಟೀಲಿನಲ್ಲಿ ಇರುವುದೇ ದಾರಿ. ಗಮಕವೆಂದರೆ ಆ ದಾರಿಯಲ್ಲಿ ಓಡಾಡುವುದು. ಎಡಬದಿಗೆ ಒಂದು ಚಕ್ರ ಕೊಟ್ಟಿದ್ದಾರೆ, ತಿರುಗಿಸಿದರೆ ಸ್ವರ ಜಾರುತ್ತದೆ. ಹಾಗೆ ಜಾರಿದ್ದನ್ನು ಕೇಳಿದರೆ ನನಗೆ ಅಳು ಬರುತ್ತಿತ್ತು. ಅಳುತ್ತ ಕೂರಲಿಲ್ಲ, ಒಂದು ತಿಂಗಳಲ್ಲಿ ಚೆನ್ನಾಗಿಯೇ ಕಲಿತುಬಿಟ್ಟೆ. ಅದೇ ನನ್ನ ತಪ್ಪು.

ನವೆಂಬರಿನಲ್ಲಿ ಪಿಟೀಲು ವಾಪಸು ಬಂತು. ಬಂದ ಶನಿವಾರವೇ ರೆಸಾರ್ಟಿಗೆ ಒಯ್ದೆ. ಅತಿಥಿಗಳು ಬರುವ ಮುಂಚೆ ಯಜಮಾನರು ಐದು ನಿಮಿಷ ಕೇಳಿದರು. ಒಳ್ಳೆಯ ಮನುಷ್ಯರೇ, ಕಾಫಿ ತರಿಸಿ ಕೊಟ್ಟೇ ಮಾತಾಡಿದರು. "ಚೆಂದ ಉಂಟು ಟೀಚ್ರೆ. ಆದ್ರೆ ಪ್ಯಾಡಿನ ಜೊತೆ ಇದು ಕೂಡೂದಿಲ್ಲ, ಅಡಗಿ ಹೋಗ್ತದೆ. ಆ ಪೆಟ್ಟಿಗೆಯಾದ್ರೆ ಕೊಳಲು, ಸಂತೂರು ಎಲ್ಲ ಬರ್ತದೆ, ಗೆಸ್ಟ್‌ಗಳು ಕೇಳ್ತಾರೆ. ನಿಮ್ಗೆ ಪಿಟೀಲೇ ಆಗ್ಬೇಕು ಅಂದ್ರೆ ಇರ್ಲಿ. ಬೇರೆ ತಬಲದವ್ರನ್ನ ನೋಡುವ."

ಭಾಯಿ ಅಲ್ಲೇ ಪ್ಯಾಡಿನ ವೈರು ಬಿಡಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ವೈರಿನಲ್ಲಿ ಗಂಟೇನೂ ಇರಲಿಲ್ಲ, ಸುಮ್ಮನೆ ಬಿಡಿಸುತ್ತಿದ್ದರು.

"ಬೇಡ ಸಾರ್. ಈಗಿರೋದೇ ಇರ್ಲಿ" ಎಂದೆ.

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಟೀಗೆ ನಿಂತೆವು. ಲೋಟ ಕೈಗೆ ಬಂದ ಮೇಲೆ ಭಾಯಿಯೇ ಮಾತು ತೆಗೆದರು. "ನೀವು ನುಡ್ಸಿ ಟೀಚ್ರೆ. ನಂಗೆ ಗ್ಯಾರೇಜ್ ಉಂಟಲ್ಲ."

"ಸುಮ್ನೆ ಟೀ ಕುಡೀರಿ, ಆರ್ತಿದೆ" ಎಂದು ಗದರಿದೆ. ಅಟ್ಟದ ಮೇಲಿನ ತಬಲ ಕಣ್ಣ ಮುಂದೆ ಬಂದಿತ್ತು. ಅವರ ಮೇಲೆ ಕರುಣೆಯೂ ಇತ್ತು, ಸಿಟ್ಟೂ ಇತ್ತು. ಆ ಸಿಟ್ಟನ್ನು ಇವತ್ತಿಗೂ ಅವರಿಗೆ ಹೇಳಿಲ್ಲ.

ಮನೆಯಲ್ಲಿ ನುಡಿಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಮಾರನೆಯ ಬೆಳಿಗ್ಗೆ ಕೂತೆ. ಹತ್ತು ನಿಮಿಷಕ್ಕೆ ತಂತಿ ಬೆರಳನ್ನು ಕೊಯ್ಯತೊಡಗಿತು. ಅದು ಸಹಜ, ಸರಿಹೋಗುತ್ತದೆ. ಹೆದರಿಕೆಯಾದದ್ದು ಬೇರೆಯದಕ್ಕೆ. ಬೆರಳು ಜಾರಲು ಒಪ್ಪುತ್ತಿರಲಿಲ್ಲ. ಒಂದೊಂದು ಸ್ವರದ ಮೇಲೂ ಟಕ್ಕೆಂದು ಕೂತು, ಎದ್ದು, ಮುಂದಿನದರ ಮೇಲೆ ಟಕ್ಕೆಂದು ಕೂರುತ್ತಿತ್ತು. ನನ್ನ ಕೈಯೂ ಮನೆ ಎಣಿಸುವುದನ್ನು ಕಲಿತಿತ್ತು. ಕಮಾನು ಸಡಿಲಿಸಿ ಪೆಟ್ಟಿಗೆ ಮುಚ್ಚಿದೆ. ನಾಳೆ ಕೂರೋಣ ಎಂದೆ. ನಾಳೆ ಶಾಲೆಯ ವಾರ್ಷಿಕೋತ್ಸವದ ತಾಲೀಮು ಬಂತು. ಆಮೇಲೆ ಸೀಸನ್ನು ಬಂತು, ವಾರದ ನಡುವೆಯೂ ರೆಸಾರ್ಟಿನಿಂದ ಕರೆ ಬರತೊಡಗಿತು. ಹಾಗೆ ನೋಡಿದರೆ ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಯಾವ ಕಾಗದಕ್ಕೂ ಸಹಿ ಮಾಡಿರಲಿಲ್ಲ. ಆದರೂ ರೆಸಾರ್ಟಿನ ಗಾಜುಗೋಡೆಯ ಹಾಲ್‌ನಲ್ಲಿ ಕೂತು ಗುಂಡಿ ಒತ್ತುವಾಗ ಎದ್ದು ಹೊರಟುಬಿಡಬೇಕು ಅನ್ನಿಸುತ್ತಿತ್ತು. ಪಕ್ಕದಲ್ಲಿ ಭಾಯಿ ಕಣ್ಣು ಮುಚ್ಚಿ ಖುಷಿಯಲ್ಲಿ ತಟ್ಟುತ್ತಿದ್ದರು. ಎದ್ದು ಹೋಗುವುದು ಹೇಗೆ?

ಒಂದು ಭಾನುವಾರ ಅತಿಥಿಯೊಬ್ಬರು, ವಯಸ್ಸಾದ ಹೆಂಗಸು, ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಕೈ ಹಿಡಿದುಕೊಂಡರು. "ವಯೊಲಿನ್ ಸೌಂಡ್ ಎಷ್ಟು ಚೆನ್ನಾಗಿ ತೆಗೀತೀರಮ್ಮ. ನಿಜವಾದ ವಯೊಲಿನ್ನೇ ಕಲೀಬಹುದಿತ್ತಲ್ಲ ನೀವು" ಎಂದರು. ಭಾಯಿ ಏನೋ ಹೇಳಲು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡವೆಂದೆ. "ಹೌದು, ಕಲೀಬಹುದಿತ್ತು" ಎಂದು ಆಕೆಗೆ ಹೇಳಿ ವೈರು ಸುತ್ತತೊಡಗಿದೆ.

ಮಾರನೆಯ ದಿನ ಸೋಮವಾರ. ಶಾಲೆಯ ಬಾಗಿಲಲ್ಲಿ ಎಂದಿನಂತೆ ಸಾಲು. ಕೈಯಲ್ಲಿ ಪಿಟೀಲಿನ ಪೆಟ್ಟಿಗೆ ಇರಲಿಲ್ಲ, ಅದನ್ನು ತರುವುದು ಬಿಟ್ಟು ಎಷ್ಟು ತಿಂಗಳಾಗಿತ್ತೋ. ಅಭ್ಯಾಸಬಲದಿಂದ ಎಡಗೈ ಬೆರಳಿಟ್ಟು, ಹೆಡ್ಮಾಸ್ಟರ ಕೋಣೆಯ ಕಡೆ ಆಗಲೇ ತಿರುಗಿದ್ದೆ.

"ಥ್ಯಾಂಕ್ ಯೂ" ಎಂದಿತು ಯಂತ್ರ.

ಗುಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಟೀಚ್ರ ಬೆರಳು ಬಂತು ಮಾರಾಯ್ರೆ" ಎಂದು ಒಳಗೆಲ್ಲ ಕೇಳುವ ಹಾಗೆ ಕೂಗಿದರು. ಇಬ್ಬರು ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಾನು ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಗೀರು ಇರಲಿಲ್ಲ. ಸುರುಳಿ ಸುರುಳಿಯಾಗಿ ಗೆರೆಗಳು, ಎಲ್ಲರ ಬೆರಳಿನ ಹಾಗೆ, ನುಣ್ಣಗೆ.

ಯಂತ್ರ ಬೇಡ ಎನ್ನಲಿ ಎಂದು ಮತ್ತೊಮ್ಮೆ ಒತ್ತಿದೆ. ಥ್ಯಾಂಕ್ ಯೂ. ಇನ್ನಷ್ಟು ಬಲವಾಗಿ, ತಂತಿಯ ಮೇಲೆ ಒತ್ತುವ ಹಾಗೆ ಒತ್ತಿದೆ. ಥ್ಯಾಂಕ್ ಯೂ.

"ಆಯ್ತಲ್ಲ ಟೀಚ್ರೆ" ಎಂದರು ಹಿಂದೆ ನಿಂತಿದ್ದವರು. "ಸ್ವಲ್ಪ ಆಚೆ ನಿಲ್ಲಿ."