ರಾಗಿ ತುಳಿದ ಪ್ರಾಣಿ

ಕಾಡುಪ್ರಾಣಿಗಳಿಂದಾದ ಬೆಳೆಹಾನಿಯ ವರದಿ ಬರೆಯೋದು ನನ್ನ ಕೆಲಸ. ಲೊಕ್ಕನಹಳ್ಳಿಯಲ್ಲಿ ಅರ್ಜಿ ಕೊಟ್ಟಿದ್ದ ಪುಟ್ಟಮಾದಯ್ಯನವರ ರಾಗಿ ಹೆಚ್ಚುಕಮ್ಮಿ ಪೂರ್ತಿ ನೆಲಕಚ್ಚಿತ್ತು.

"ಆನೆನಾ?" ಅಂದೆ.

"ಅಲ್ಲ ಸಾ. ಆನೆ ಓಡ್ಸಕ್ಕೆ ಅಂತ ಸ್ಪೀಕರ್‌ನಲ್ಲಿ ನಮ್ ಹೀರೋ ಹಳೇ ಪಿಚ್ಚರ್ ಡೈಲಾಗ್ ಆಕ್ತಿದ್ದೆ. ಒಂದಾನೆನೂ ಬರ್ನಿಲ್ಲ."

"ಮತ್ತೆ ತುಳಿದೋರು ಯಾರು?"

"ಊರೋರು ಸಾ. ಕ್ಲೈಮ್ಯಾಕ್ಸ್ ಕೇಳಕ್ಕೆ ಒಲಕ್ಕೇ ನುಗ್ಬುಟ್ರು. ಈಗಿನ ಹೀರೋದ್ ಆಕಿದ್ರೆ ಯಾರೂ ಬರ್ತಿರ್ನಿಲ್ಲ, ರಾಗಿ ಉಳ್ಕತಿತ್ತು."

ನಂಬದೆ ನಕ್ಕೆ. ಅವರು ಸ್ಪೀಕರ್ ಹಾಕಿಯೇ ತೋರಿಸಿದರು. ಕಾಲೇಜಿಗೆ ಚಕ್ಕರ್ ಹೊಡೆದು ಕೊಳ್ಳೇಗಾಲದ ಟಾಕೀಸಿನಲ್ಲಿ ನಾನು ಏಳು ಸಲ ನೋಡಿದ್ದ ಚಿತ್ರ! ಮುಂದಿನ ಡೈಲಾಗನ್ನು ನಾನೇ ಕೈಯೆತ್ತಿ ಕೂಗಿದೆ.

"ಸಾ, ಕಾಲು," ಅಂದರು ಪುಟ್ಟಮಾದಯ್ಯ.

ಬಗ್ಗಿ ನೋಡಿದರೆ, ಉಳಿದಿದ್ದ ನಾಲ್ಕು ತೆನೆಯ ಮೇಲೆ ನಿಂತಿದ್ದೆ. ಫಾರಂನಲ್ಲಿ 'ಯಾವ ಪ್ರಾಣಿ?' ಅನ್ನೋ ಕಾಲಂ ಇನ್ನೂ ಖಾಲಿಯಿತ್ತು.