ಸೈಕಲ್ ಫೇರಿಯ ಪುಣ್ಯ

ನಮ್ಮ ಸಾವಕಾರನ ಬಲಗೈ ಹೆಬ್ಬೆರಳಿನ ಉಗುರು ಉದ್ದ ಬೆಳೆದು, ಹಳದಿಗಟ್ಟಿ, ತುದಿಗೆ ಕೊಕ್ಕೆಯಂತೆ ಬಾಗಿತ್ತು. ನಾವು ನೇಯ್ದ ಬಟ್ಟೆಯ ಮೇಲೆ ಅದನ್ನು ಎಳೆಯುತ್ತ ಬರುತ್ತಿದ್ದ. ಅದು ಎಲ್ಲಿ ತಡೆಯಿತೋ ಅಲ್ಲಿ ನಮ್ಮ ಪಗಾರದಲ್ಲಿ ಒಂದಿಷ್ಟು ಹೋಯಿತೆಂದೇ ಅರ್ಥ. ಅಪ್ಪ ನೂಲ ಎಂಬ ಹಳ್ಳಿಯಿಂದ ಇಚಲಕರಂಜಿಗೆ ಬಂದು ಅವನ ಮಗ್ಗದ ಶೆಡ್ಡು ಸೇರಿದ್ದ. ಅಪ್ಪನ ಪಕ್ಕದ ಮಗ್ಗದಲ್ಲಿ ನಾನು. ಇಬ್ಬರೂ ಆ ಉಗುರಿಗೆ ಹೆದರುತ್ತಿದ್ದೆವು.

ಈ ಮನುಷ್ಯನಿಗೆ ಒಂದು ವರ್ಷ ಧರ್ಮದ ಹುಚ್ಚು ಹಿಡಿಯಿತು. ಕ್ಷಯರೋಗಿಗಳ ನಿಧಿಗಾಗಿ ಕೊಲ್ಹಾಪುರದ ತನಕ ಸೈಕಲ್ ಫೇರಿಯಂತೆ, ಎಲ್ಲರೂ ಸಾಲುಹಿಡಿದು ತುಳಿಯುವುದಂತೆ. ತಲೆಗೆ ಹತ್ತು ರೂಪಾಯಿ ಪ್ರವೇಶ ಫೀಯಂತೆ. ಬರುವವರು ಬರಲಿ ಅಂದಿದ್ದರೆ ಯಾರ ತಕರಾರೂ ಇರಲಿಲ್ಲ. ಶೆಡ್ಡಿನಲ್ಲಿದ್ದ ಪ್ರತಿಯೊಬ್ಬನ ಪಗಾರದಲ್ಲೂ ಕೇಳದೆ ಮುರಿದುಕೊಂಡುಬಿಟ್ಟ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಅಪ್ಪನಿಗೇ ಕ್ಷಯವಿತ್ತು. ಆ ಹತ್ತು ರೂಪಾಯಿ ಅವನ ವಾರದ ಔಷಧದ ದುಡ್ಡು.

"ಸಾವಕಾರ್ರ, ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತ್ರಿ. ಸೈಕಲ್ ಹೆಂಗ ತುಳೀಲ್ರಿ? ನಂದೊಂದು ಬಿಡ್ರಿ, ಔಷಧಕ್ಕ ಬೇಕ್ರಿ," ಎಂದು ಅಪ್ಪ ಕೈಮುಗಿದ.

"ಅಲೋ, ನಿನ್ನಂಥವರ ಸಲುವಾಗೇ ಮಾಡಾಕತ್ತೇನಿ! ನೀ ಮನ್ಯಾಗ ಮಲಕೋ. ತುಳೀಲಿಲ್ಲಂದ್ರೂ ಪುಣ್ಯ ಬರತೈತಿ," ಎಂದ ಸಾವಕಾರ.

ಫೇರಿಗೆ ಅವನು ಆರಿಸಿದ ದಿನ ಖಂಡೇನವಮಿ, ಅಂದರೆ ಆಯುಧಪೂಜೆ. ಅಂದು ಹೇಗೂ ಮಗ್ಗ ನಿಲ್ಲುತ್ತದೆ, ಬೇರೆ ದಿನವಾದರೆ ಅವನಿಗೆ ನಷ್ಟವಲ್ಲವೇ! ಆದರೆ ಪೂಜೆಗಿಟ್ಟ ಮಗ್ಗ, ಕತ್ತರಿ, ಸೈಕಲ್ಲನ್ನು ಮರುದಿನ ಬನ್ನಿ ಕೊಡುವ ತನಕ ನಮ್ಮವರಾರೂ ಮುಟ್ಟುವುದಿಲ್ಲ. ಲಾಭ ಎಣಿಸುವ ಭರದಲ್ಲಿ ಅದು ಅವನಿಗೆ ಮರೆತೇ ಹೋಗಿತ್ತು. ಬೆಳಿಗ್ಗೆ ನಮ್ಮ ಗಲ್ಲಿಗೆ ಬಂದು ನೋಡಿದರೆ ಸೈಕಲ್ಲುಗಳೆಲ್ಲ ವಿಭೂತಿ ಬಳಿಸಿಕೊಂಡು, ಚೆಂಡುಹೂ ಸುತ್ತಿಸಿಕೊಂಡು ಗೋಡೆಗೆ ಒರಗಿದ್ದವು.

"ಏಳ್ರೋ! ಕೊಲ್ಹಾಪುರದಾಗ ಸಾಹೇಬ್ರು ಹಾರ ಹಿಡಕೊಂಡು ನಿಂತಾರ!" ಎಂದು ಕೂಗಾಡಿದ.

"ಪೂಜಿ ಆಗೇತ್ರಿ. ನಾಳಿ ತನಕ ಮುಟ್ಟಂಗಿಲ್ರಿ," ಎಂದರು ನಮ್ಮವರು. ಒಬ್ಬನೂ ಕದಲಲಿಲ್ಲ. ನನಗಾದ ಸಂತೋಷ ಹೇಳತೀರದು.

ಅಪ್ಪ ಮಾತ್ರ ಮುಂದೆ ಹೋದ. "ಹಂಗಾರ ಫೇರಿ ಇಲ್ಲಲ್ರಿ. ನನ್ನ ಫೀ ತಿರುಗಿ ಕೊಡ್ರಿ."

"ಧರ್ಮದ ರೊಕ್ಕ ತಿರುಗಿ ಬೇಡಬಾರದಪಾ. ಪಾಪ ಬರತೈತಿ," ಎಂದ ಆ ಪುಣ್ಯಾತ್ಮ. ಹಾಗೆಂದವನು ತನ್ನ ಪೂಜೆಯಾದ ಮೋಟಾರಿನಲ್ಲೇ ಕೊಲ್ಹಾಪುರಕ್ಕೆ ಹೋಗಿ ಹಾರ ಹಾಕಿಸಿಕೊಂಡು ಬಂದ.

ದೀಪಾವಳಿಗೆ ಮೊದಲೇ ಅಪ್ಪ ತೀರಿಕೊಂಡ. ಒಂದು ವಾರ ಔಷಧ ತಪ್ಪಿದ್ದಕ್ಕೇ ಸತ್ತನೆಂದು ನಾನು ಹೇಳಲಾರೆ. ಆದರೆ ಆ ವಾರ ಅವನು ಗೋಡೆ ಹಿಡಿದು ಕೂತು ಉಸಿರಿಗಾಗಿ ಒದ್ದಾಡಿದ್ದನ್ನು ನೋಡಿದವನು ನಾನು.

ಮಣ್ಣಿನ ದಿನ ಸಾವಕಾರ ಮನೆಗೆ ಬಂದ. ನೂರರ ನೋಟೊಂದನ್ನು ಅವ್ವನ ಮುಂದಿಟ್ಟು, "ಮಣ್ಣಿನ ಖರ್ಚಿಗೆ ಇರಲಿ ತಂಗಿ. ನನ್ನ ಧರ್ಮ ಅಂತ ತಿಳಕೋ," ಎಂದ. ಅದನ್ನು ಅವನ ಮುಖಕ್ಕೇ ಒಗೆಯಬೇಕೆಂದು ನಾನು ಎದ್ದೆ. ಅವ್ವ ಕೈ ಹಿಡಿದಳು.

"ಸುಮ್ಮನಿರು. ಕುಣಿ ತೋಡಿದವರು ಕೂಲಿಗೆ ಹೊರಗ ನಿಂತಾರ," ಎಂದಳು.

ಮುಂದೆ ಸಾವಕಾರನೂ ಸತ್ತ. ಸತ್ತವರನ್ನು ಬಯ್ಯಬಾರದು ಅನ್ನುತ್ತಾರೆ, ನಾನು ಬಯ್ಯುತ್ತೇನೆ. ಆದರೆ ನನ್ನ ಅಪ್ಪನ ಮಣ್ಣಾದದ್ದು ಅವನ ದುಡ್ಡಿನಲ್ಲಿ. ಎಷ್ಟು ಬಯ್ದರೂ ಆ ಋಣ ಹರಿಯುವುದಿಲ್ಲ.